ವರಸೆಗೆ ಒಂದು ಪಾಠ, ಪೆಟ್ಟಿಗೆ ಇನ್ನೊಂದು

ನೋಡು ಮಗಾ, ನಿನ್ನ ಕ್ಲಾಸಿನ ಹುಡುಗ ಯಾರೋ "ನಿನ್ನ ವುಶು ಬರೀ ಡ್ಯಾನ್ಸು" ಅಂದನಂತೆ. ನೀನು ಅವನನ್ನು ಭಾನುವಾರ ಕಲಾಂಗಣದ ಆಚೆ ಬಯಲಿಗೆ ಬಾ ಅಂದಿದ್ದೀಯಂತೆ. ನಿನ್ನಮ್ಮ ಹೇಳಿದಳು. ಮೊದಲು ಆ ಭಾನುವಾರದ ಕಾರ್ಯಕ್ರಮ ಬಿಟ್ಟುಬಿಡು. ಶಾಲೆಯಲ್ಲಿ ಸೀಟಿ ಊದಿಕೊಂಡೇ ಪೆನ್ಶನ್ನಿಗೆ ಬಂದ ಪಿ.ಟಿ. ಮಾಸ್ಟ್ರು ನಾನು. ಮಕ್ಕಳ ಡ್ರಿಲ್ಲೂ ನೋಡಿದ್ದೇನೆ, ಮಕ್ಕಳ ಹೊಡೆದಾಟವೂ ನೋಡಿದ್ದೇನೆ. ಎರಡಕ್ಕೂ ಸಂಬಂಧ ಇರುವುದು ಕಡಿಮೆ.

ಅವನು ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು. ನಿನಗೆ ಅಷ್ಟು ಉರಿದದ್ದೂ ಅದಕ್ಕೇ.

ನೀನು ಕಲಿಯುತ್ತಿರುವುದು ತಾವೊಲು, ಅಂದರೆ ವುಶುವಿನ ವರಸೆ. ದೊಡ್ಡ ಸ್ಪರ್ಧೆಗಳಲ್ಲಿ ಅದಕ್ಕೆ ಒಟ್ಟು 10 ಅಂಕ: ಚಲನೆಯ ಶುದ್ಧತೆಗೆ 5, ಒಟ್ಟು ಪ್ರದರ್ಶನಕ್ಕೆ 3, ಕಷ್ಟದ ಜಿಗಿತ, ತಿರುವುಗಳಿಗೆ 2. ಜಿಗಿದು ಇಳಿಯುವಾಗ ಕಾಲು ಸ್ವಲ್ಪ ಅಲುಗಿದರೂ ಅಂಕ ಹೋಗುತ್ತದೆ. ಎದುರಿಗೆ ಒಬ್ಬ ನಿಂತು ನಿನ್ನ ಮೂಗಿಗೆ ಗುರಿಯಿಡುತ್ತಾನೆ ಎಂಬ ಲೆಕ್ಕ ಆ ಹತ್ತರಲ್ಲಿ ಎಲ್ಲಿಯೂ ಇಲ್ಲ. ಇದು ತಪ್ಪಲ್ಲ, ಆ ಆಟ ಇರುವುದೇ ಹಾಗೆ. 1950ರ ದಶಕದಲ್ಲಿ ಚೀನಾ ಸರಕಾರ ಹಳೆಯ ಕಾಳಗದ ವಿದ್ಯೆಗಳನ್ನು ಒಟ್ಟುಮಾಡಿ, ಅಂಕ ಕೊಡಬಹುದಾದ ಕ್ರೀಡೆಯಾಗಿ ಹೊಸದಾಗಿ ಕಟ್ಟಿತು. ಹೊಡೆದಾಟವನ್ನು ಬದಿಗಿಟ್ಟಿತು. ಅದನ್ನು ಸಾಂಡಾ ಎಂಬ ಹೆಸರಲ್ಲಿ ಮತ್ತೆ ಸ್ಪರ್ಧೆಗೆ ತರುವ ಪ್ರಯೋಗ ಶುರುವಾದದ್ದು 1979ರ ಹೊತ್ತಿಗೆ. ನಮ್ಮ ಊರಿನ ಕರಾಟೆ ಮಕ್ಕಳನ್ನು ಕೇಳು, ವರಸೆಯ ಕಟಾ ಬೇರೆ, ಎದುರಾಳಿಯ ಜತೆಗಿನ ಕುಮಿಟೆ ಬೇರೆ ಎಂದು ಒಂದನೇ ತಿಂಗಳಿನಲ್ಲೇ ಅವರಿಗೆ ಗೊತ್ತಿರುತ್ತದೆ.

ಬೀಜಿಂಗ್‌ನಲ್ಲಿ ಶಿಚಾಹಾಯ್ ಎಂಬ ಕ್ರೀಡಾಶಾಲೆ ಉಂಟು. ನಿನ್ನ ಗೋಡೆಯ ಮೇಲಿರುವ ಜೆಟ್ ಲೀ ಅಲ್ಲಿಯೇ ತಯಾರಾದದ್ದು. 1974ರಲ್ಲಿ, ಇನ್ನೂ ಪುಟ್ಟ ಹುಡುಗ, ಅಮೆರಿಕಕ್ಕೆ ಹೋಗಿ ಅಧ್ಯಕ್ಷ ನಿಕ್ಸನ್ ಎದುರು ವರಸೆ ತೋರಿಸಿ ಬಂದ. ಅದೇ ಶಾಲೆಯಲ್ಲಿ ಸಾಂಡಾ ಕಲಿತ ಇನ್ನೊಬ್ಬ ಷು ಷಿಯಾವೊಡಾಂಗ್. 2017ರ ಏಪ್ರಿಲಿನಲ್ಲಿ ಚೆಂಗ್ಡುವಿನಲ್ಲಿ ಈತ ತೈಚಿ ಗುರು ವೇಯ್ ಲೇಯ್ ಎಂಬವರನ್ನು ಇಪ್ಪತ್ತು ಸೆಕೆಂಡಿನೊಳಗೆ ನೆಲಕ್ಕೆ ಕೆಡವಿದ. ಆ ವಿಡಿಯೊವನ್ನೇ ನಿನ್ನ ಕ್ಲಾಸಿನವನು ತೋರಿಸಿ ನಕ್ಕಿರಬೇಕು. ಆದರೆ ಗೆದ್ದವನೂ ಚೀನೀ ವಿದ್ಯೆಯಲ್ಲೇ ಬೆಳೆದವನು ಎನ್ನುವುದನ್ನು ಅವನು ಹೇಳಿರುವುದಿಲ್ಲ. ಒಂದೇ ಶಾಲೆಯ ಅಂಗಳ ಮಗಾ. ಜೆಟ್ ಲೀ ಗಾಳಿಗೆ ಹೊಡೆದು ಹೊಡೆದು ಕಲಿತ, ಷು ತಿರುಗಿ ಹೊಡೆಯುವವನ ಜತೆ ಕಲಿತ. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಗಟ್ಟಿಗರೇ.

ನಮ್ಮ ದೇಶದ ಲೆಕ್ಕ ಇನ್ನೂ ಸ್ಪಷ್ಟ. ಏಷ್ಯನ್ ಗೇಮ್ಸ್‌ನಲ್ಲಿ ವುಶುವಿನಿಂದ ನಮಗೆ ಈವರೆಗೆ ಬಂದ ಪದಕಗಳೆಲ್ಲ ಸಾಂಡಾದ್ದು. ತಾವೊಲುವಿನದು ಒಂದೂ ಇಲ್ಲ. ಮಣಿಪುರದ ರೋಶಿಬಿನಾ ದೇವಿ 2018ರಲ್ಲಿ ಕಂಚು ತಂದಳು, 2023ರಲ್ಲಿ ಹಾಂಗ್‌ಝೌನಲ್ಲಿ ಬೆಳ್ಳಿ. ಪೂಜಾ ಕಾದಿಯಾನ್ 2017ರಲ್ಲಿ ಕಜಾನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದಳು. ವುಶುವಿನಿಂದಲೇ ಬಂದ ಪೂಜಾ ತೋಮರ್ 2024ರ ಜೂನಿನಲ್ಲಿ ಯುಎಫ್‌ಸಿ ಎಂಬ ದೊಡ್ಡ ಹೊಡೆದಾಟದ ಕೂಟದಲ್ಲಿ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳಾದಳು. ಇವರು ಯಾರಿಗೂ ಹುಡುಗರು "ಡ್ಯಾನ್ಸು" ಅನ್ನುವ ಧೈರ್ಯ ಮಾಡಲಿಕ್ಕಿಲ್ಲ.

ಹಾಗಂತ ನಿನ್ನ ತಾವೊಲು ವ್ಯರ್ಥ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪಿಲಿವೇಷ ಹಾಕಿ ಹುಲಿಯಾಗಿ ಕುಣಿಯುವವನು ಹಲ್ಲಿನಲ್ಲಿ ಕಚ್ಚಿ ಅಕ್ಕಿಮುಡಿಯನ್ನು ಹಿಂದಕ್ಕೆ ಎಸೆಯುತ್ತಾನಲ್ಲ, ಆ ಕುತ್ತಿಗೆಯ ಬಲ ವೇಷದ್ದಲ್ಲ, ನಿಜವಾದದ್ದೇ. ಅಷ್ಟಕ್ಕೇ ಅವನು ಗರಡಿಯಲ್ಲಿ ಗೆಲ್ಲುತ್ತಾನೆಂದು ಯಾರೂ ಪಂಥ ಕಟ್ಟುವುದಿಲ್ಲ. ನಿನ್ನ ಸೊಂಟದ ತಿರುವು, ಕಾಲಿನ ಎತ್ತರ, ಇಳಿದಾಗಿನ ಸಮತೋಲ ಎಲ್ಲ ಹಾಗೆಯೇ ಗಟ್ಟಿ. ನಿನಗೆ ಇಲ್ಲದಿರುವುದು ದೂರದ ಅಂದಾಜು, ಸಮಯದ ಅಂದಾಜು, ಮತ್ತೆ ಮುಖಕ್ಕೆ ಒಂದು ಬಿದ್ದರೂ ಕಣ್ಣು ಮುಚ್ಚದ ಅಭ್ಯಾಸ. ಈ ಮೂರೂ ಒಬ್ಬಳೇ ಕನ್ನಡಿ ಎದುರು ನಿಂತು ಬರುವಂಥದ್ದಲ್ಲ.

ತೋರಿಸುವುದಕ್ಕೂ ಇಳಿದು ಆಡುವುದಕ್ಕೂ ಇರುವ ಅಂತರಕ್ಕೆ ಒಂದು ನೆನಪಾಯಿತು. 2017ರ ನವೆಂಬರಿನಲ್ಲಿ ನಮ್ಮ ಮಂಗಳೂರಿನ ನೆಹರೂ ಮೈದಾನದಲ್ಲಿ ಕರಾಟೆ ಚಾಂಪಿಯನ್‌ಶಿಪ್ ಆಯಿತು. ಉದ್ಘಾಟನೆಗೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೇಯರ್ ಕವಿತಾ ಸನಿಲ್ ಎದುರು ತಮಾಷೆಗೆ ಮುಷ್ಟಿ ಬೀಸಿದರು, ಫೋಟೊ ಎಲ್ಲ ಕಡೆ ಬಂತು. ಅದೇ ಕೂಟದಲ್ಲಿ ಮೇಯರಮ್ಮ ಸ್ಪರ್ಧೆಗೂ ಇಳಿದು ಚಿನ್ನ ಗೆದ್ದರು. ಫೋಟೊ ನೆನಪಿರುವಷ್ಟು ಜನರಿಗೆ ಆ ಚಿನ್ನ ನೆನಪಿಲ್ಲ, ಇರಲಿ.

ಇನ್ನು ನಿನ್ನಮ್ಮನಿಗೆ ನೀನು ಕೊಟ್ಟ ಧೈರ್ಯದ ವಿಷಯ. ಟ್ಯೂಶನ್ ಮುಗಿಸಿ ಬಿಕರ್ನಕಟ್ಟೆಯಿಂದ ಕತ್ತಲಲ್ಲಿ ಒಬ್ಬಳೇ ನಡೆದು ಬರುತ್ತೇನೆ, ನನಗೆ ವುಶು ಬರುತ್ತದೆ ಅಂದೆಯಂತೆ. ಇದಕ್ಕೆ ಮಾತ್ರ ನಾನು ಸಿಟ್ಟಾಗುತ್ತೇನೆ. ಸಾಂಡಾದಲ್ಲಿ ಎರಡೆರಡು ನಿಮಿಷದ ಸುತ್ತು, ಗ್ಲೌಸು, ತಲೆಗೆ ಗಾರ್ಡು, ನಡುವೆ ರೆಫ್ರಿ. ಮೊಣಕೈಯಲ್ಲಿ ಹೊಡೆಯುವ ಹಾಗಿಲ್ಲ, ಬಿದ್ದವರ ಮೇಲೆ ಕೈ ಮಾಡುವ ಹಾಗಿಲ್ಲ. ದಾರಿಯಲ್ಲಿ ಇದ್ಯಾವುದೂ ಇಲ್ಲ. ಆಟಿಯ ಮಳೆಯಲ್ಲಿ ಪಾಚಿ ಹಿಡಿದ ಮುರಕಲ್ಲಿನ ಇಳಿಜಾರು, ಬೆನ್ನಿಗೆ ಪುಸ್ತಕದ ಚೀಲ, ಕಾಲಿಗೆ ಚಪ್ಪಲಿ. ಅಲ್ಲಿ ನೀನು ಹಾರಿ ಒದೆಯಲಿಕ್ಕೆ ಹೋದರೆ ಮೊದಲು ಬೀಳುವವಳು ನೀನೇ. ರೋಶಿಬಿನಾ ಕೂಡ ಅಲ್ಲಿ ಓಡುವುದೇ ಸರಿ. ಕೈ ಹಿಡಿದರೆ ಕೊಸರಿಕೋ, ಗಂಟಲು ಹರಿಯುವ ಹಾಗೆ ಕೂಗು, ಬೆಳಕಿದ್ದ ಅಂಗಡಿಗೆ ನುಗ್ಗು, 112ಕ್ಕೆ ಫೋನ್ ಮಾಡು. ತಡವಾದ ದಿನ ಬಸ್ಸು ಹತ್ತು, ಇಲ್ಲದಿದ್ದರೆ ನನಗೆ ಹೇಳು, ನನ್ನ ಹಳೆಯ ಸ್ಕೂಟರ್ ಇನ್ನೂ ಸ್ಟಾರ್ಟ್ ಆಗುತ್ತದೆ.

ಹೊಡೆದಾಡಲಿಕ್ಕೂ ಬರಬೇಕು ಎಂಬ ಆಸೆ ನಿಜವಾಗಿ ಇದ್ದರೆ ತಾವೊಲು ಬಿಡದೆ ಸಾಂಡಾಕ್ಕೂ ಸೇರು. ಬಾಕ್ಸಿಂಗ್, ಜೂಡೊ ಆದರೂ ಅಡ್ಡಿಯಿಲ್ಲ. ಸೇರುವ ಮೊದಲು ಒಂದು ಸಂಜೆ ಸುಮ್ಮನೆ ಬದಿಯಲ್ಲಿ ಕುಳಿತು ನೋಡು. ಹೊಸಬರ ಜತೆ ದೊಡ್ಡವರು ಕೈ ಹಗುರ ಮಾಡಿ ಆಡುತ್ತಾರಾ? ಹಲ್ಲಿಗೆ ಗಾರ್ಡ್ ಇಲ್ಲದವರನ್ನು ಒಳಗೆ ಬಿಡುತ್ತಾರಾ? ತಲೆಗೆ ಪೆಟ್ಟು ಬಿದ್ದವನನ್ನು ಆವತ್ತಿಗೆ ಕೂರಿಸುತ್ತಾರಾ? ಪೂರ್ತಿ ಬಲದ ಹೊಡೆದಾಟ ವಾರವಾರ ಬೇಡ, ನಿನ್ನ ವಯಸ್ಸಿಗಂತೂ ಬೇಡವೇ ಬೇಡ. "ನಮ್ಮ ವಿದ್ಯೆ ಬಹಳ ಅಪಾಯದ್ದು, ಯಾರ ಮೇಲೂ ಪ್ರಯೋಗ ಮಾಡಿ ತೋರಿಸುವ ಹಾಗಿಲ್ಲ" ಎನ್ನುವ ಗುರು ಸಿಕ್ಕಿದರೆ, ಕೈ ಮುಗಿದು ಫೀಸು ಕಟ್ಟದೆ ಬಾ.