ಇಂಗ್ಲಿಷ್ ನಮೂನೆಗಳಲ್ಲಿ ನಾಮಪದಗಳ ಲಿಂಗ



ಇಂಗ್ಲಿಷ್ ನಾಮಪದಗಳಲ್ಲಿ ನಾಲ್ಕು ಲಿಂಗಗಳಿವೆ.

1. ಪುಲ್ಲಿಂಗ: ಫಾದರ್, ಸನ್, ಹಸ್ಬೆಂಡ್.
2. ಸ್ತ್ರೀಲಿಂಗ: ಮದರ್, ಡಾಟರ್, ವೈಫ್.
3. ಸಾಮಾನ್ಯಲಿಂಗ: ಪ್ರೆಸಿಡೆಂಟ್, ಮೆಂಬರ್, ಚೈಲ್ಡ್, ಸ್ಪೌಸ್.
4. ನಪುಂಸಕಲಿಂಗ: ರೋಡ್, ಪೈಪ್, ಬಿಲ್ಡಿಂಗ್.

ಸಾಮಾನ್ಯಲಿಂಗದ ಪದವು ಸ್ತ್ರೀಪುರುಷರಿಬ್ಬರಿಗೂ ಸಲ್ಲುತ್ತದೆ. ಕನ್ನಡದಲ್ಲಿ ಅಧ್ಯಕ್ಷ, ಅಧ್ಯಕ್ಷೆ ಎಂಬ ಭೇದವಿದ್ದರೂ ಇಂಗ್ಲಿಷಿನಲ್ಲಿ ಇಬ್ಬರೂ ‘ಪ್ರೆಸಿಡೆಂಟ್’. ‘ಲೇಡಿ’ ಎಂಬ ವಿಶೇಷಣ ಅನವಶ್ಯಕ. ‘ಸ್ಪೌಸ್’ ಎಂದರೆ ಅರ್ಜಿದಾರರ ಪತಿ ಅಥವಾ ಪತ್ನಿ.

‘ಲಯನ್’ ಪದಕ್ಕೆ ಪ್ರತ್ಯಯ ಸೇರಿದರೆ ಸ್ತ್ರೀಲಿಂಗದ ‘ಲಯನೆಸ್’ ಆಗುತ್ತದೆ. ‘ವಿಡೋ’ ಪದದಲ್ಲಿ ಈ ಕ್ರಮವು ವಿಪರೀತ: ಮೂಲಪದವೇ ವಿಧವೆ, ಪ್ರತ್ಯಯ ಸೇರಿದ ‘ವಿಡೋವರ್’ ವಿಧುರ. ವಿಧವಾ ವೇತನದ ಅರ್ಜಿಯಲ್ಲಿ ಇವೆರಡೂ ಅದಲುಬದಲಾದರೆ ಅರ್ಹ ಮಹಿಳೆಯ ಅರ್ಜಿ ತಿರಸ್ಕೃತವಾಗಬಹುದು. ಆದುದರಿಂದ ಅರ್ಜಿ ತುಂಬಲು ನೆರವಾಗುವಾಗ ಈ ಪದವನ್ನು ತಪ್ಪದೆ ಪರಿಶೀಲಿಸಲು ಕೋರಿದೆ.