ಕಲ್ಲನ್ನು ಕೆಳಗಿನಿಂದ ಓದಿಸಿ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಶಾಲಾ ಮಕ್ಕಳಿಗೆ ವೀರರ ಸ್ಮಾರಕಗಳ ಸುತ್ತ ನಿಧಿ ಹುಡುಕಾಟದ ಆಟ ಕಟ್ಟುತ್ತ ಬಂದವನ ಅನುಭವದ ಪಾಠಗಳಿವು.

1. ಮೊಬೈಲಿನಲ್ಲಿ ಸಿಗುವ ಉತ್ತರ ಬೇಡ. ಹಾವೇರಿಯ ಪುರದ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ ಎಂಬುದನ್ನು ಕೂತಲ್ಲೇ ಹೇಳಬಹುದು. ಅಲ್ಲಿನ ವೀರಗಲ್ಲೊಂದನ್ನು ತೋರಿಸಿ, ಬಿಲ್ಲು ಹಿಡಿದವರು ಎಷ್ಟು ಜನ ಎಂದು ಕೇಳಿ. ಎದ್ದು ಹೋಗಿ ನೋಡಲೇಬೇಕು.

2. ವೀರಗಲ್ಲಿನ ಬೀಗ ಅದರ ಓದುವ ಕ್ರಮದಲ್ಲೇ ಇದೆ. ಮಕ್ಕಳು ಪುಸ್ತಕದ ರೂಢಿಯಲ್ಲಿ ಮೇಲಿನಿಂದ ಶುರುಮಾಡುತ್ತಾರೆ. ಕಥೆ ನಡೆಯುವುದು ಕೆಳಗಿನಿಂದ: ತಳದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಗೆ ಸೂರ್ಯ-ಚಂದ್ರ. ಒಂದೊಂದು ಪಟ್ಟಿಕೆಗೆ ಒಂದೊಂದು ಅಕ್ಷರ ಕೊಡಿ. ಕ್ರಮ ತಪ್ಪಿದರೆ ಮುಂದಿನ ಜಾಗದ ಹೆಸರೇ ಕೂಡಿಬರುವುದಿಲ್ಲ. ತಳದಲ್ಲಿ ದನ ಕಂಡರೆ ಅದು ತುರುಗಾಳಗ. ಊರ ದನಗಳಿಗಾಗಿ ಪ್ರಾಣ ಕೊಟ್ಟವನ ಕಲ್ಲು. ದನದ ಮನೆಯ ಹುಡುಗರು ಇಲ್ಲಿ ಪೇಟೆಯವರನ್ನು ಹಿಂದೆ ಹಾಕುತ್ತಾರೆ.

3. ಇಸವಿ ಕಳೆಯುವ ಲೆಕ್ಕದಲ್ಲಿ ಒಂದು ಮುಳ್ಳು ಇಡಿ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್ 8. ಅವರೂ ಹೆಜ್ಜೆ ಹಾಕಿದ ಗಾಂಧೀಜಿಯ ದಂಡಿಯಾತ್ರೆ ಸಾಬರಮತಿಯಿಂದ ಹೊರಟದ್ದು 1930ರ ಮಾರ್ಚ್ 12. ಆ ದಿನ ಮಹಾದೇವಪ್ಪನವರ ವಯಸ್ಸೆಷ್ಟು? "ಹತ್ತೊಂಬತ್ತರೀ ಸರ" ಎಂದು ಕೂಗುವ ತಂಡವೇ ಹೆಚ್ಚು. ಜೂನ್ ಇನ್ನೂ ಬಂದಿರಲಿಲ್ಲ, ಹದಿನೆಂಟು. ಅವರು ಹುತಾತ್ಮರಾದ ದಿನ 1943ರ ಏಪ್ರಿಲ್ 1. ಅದೇ ಮುಳ್ಳು ಅಲ್ಲೂ ಚುಚ್ಚುತ್ತದೆ.

4. ಒಬ್ಬರ ಹೆಸರಿಗೇ ಪೆಟ್ಟಿಗೆ ತೆರೆಯಬಾರದು. ಬ್ಯಾಡಗಿಯ ಮಕ್ಕಳು "ಮಹಾದೇವಪ್ಪ ನಮ್ಮಾಂವ" ಎಂದು ಎದೆಯುಬ್ಬಿಸುವುದು ಸರಿಯೇ. ಆದರೆ ಹೊಸರಿತ್ತಿಯಲ್ಲಿ ಕಂದಾಯದ ಹಣಕ್ಕೆ ಕೈಹಾಕಿದಾಗ ಪೊಲೀಸರ ಗುಂಡಿಗೆ ಬಿದ್ದವರು ಮೂವರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರ ಮೊದಲಕ್ಷರಗಳೂ ಸೇರಿದರಷ್ಟೇ ಕೊನೆಯ ಬೀಗ ಬಿಚ್ಚುವಂತೆ ಮಾಡಿ. ಇಡೀ ಆಟದಲ್ಲಿ ನನಗೆ ಹೆಚ್ಚು ಇಷ್ಟವಾದ ಬೀಗ ಇದೇ.

5. ಊರವರಿಗೆ ಮೊದಲೇ ತಿಳಿಸಿ. ನಿಧಿಯ ಆಸೆಗೆ ಗುಡಿಯ ಕಲ್ಲುಗಳನ್ನು ಕಿತ್ತು ಅಗೆದವರನ್ನು ಈ ಸೀಮೆ ಕಂಡಿದೆ. ಮಕ್ಕಳು ಕಲ್ಲಿನ ಸುತ್ತ ಸುಳಿದಾಡಿದರೆ ಕಟ್ಟೆಯ ಮೇಲಿನ ಅಜ್ಜ "ಏನ್ ಹುಡುಕಾಕತ್ತೀರಿ ತಮ್ಮಾ?" ಎಂದು ಕೇಳದೆ ಬಿಡುವುದಿಲ್ಲ, ಬಿಡಲೂಬಾರದು. ಏನನ್ನೂ ಹೂಳಬೇಡಿ. ಬಹುಮಾನದ ಪೆಟ್ಟಿಗೆ ಮೇಷ್ಟ್ರ ಕೈಯಲ್ಲಿರಲಿ.

6. ಬೆಳಿಗ್ಗೆ ಬೇಗ ಹೊರಡಿ. ಓರೆ ಬಿಸಿಲಿನಲ್ಲಿ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಎಲ್ಲವೂ ಚಪ್ಪಟೆ. ಕಾಣಲಿಲ್ಲವೆಂದು ಸುಣ್ಣ, ಎಣ್ಣೆ, ಸೀಮೆಸುಣ್ಣ ಹಚ್ಚಲು ಬಿಡಬೇಡಿ. ಮೋಡವಿದ್ದರೆ ಬ್ಯಾಟರಿಯನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಸಿ.