ಬಿದ್ದ ತೆಂಗಿನ ಮರದ ಬಳೆಗಳು: ಅರಿವು ಕೇಂದ್ರದಲ್ಲಿ ಮೂರು ಭಾನುವಾರ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಮಕ್ಕಳಿಗಾಗಿ 'ಓದುವ ಬೆಳಕು' ಆರಂಭವಾಯಿತು. ಈಗ ಅವನ್ನು ಅರಿವು ಕೇಂದ್ರ ಎಂದು ಕರೆಯುತ್ತಾರೆ. ಬೋಧನಾಭ್ಯಾಸಕ್ಕೆಂದು ತಿಪಟೂರು–ತುರುವೇಕೆರೆ ರಸ್ತೆಯ ಒಂದು ಹಳ್ಳಿಯ ಶಾಲೆಗೆ ನಿಯೋಜಿತಳಾಗಿದ್ದಾಗ, 2025ರ ಆರಂಭದಲ್ಲಿ, ಅಲ್ಲಿನ ಅರಿವು ಕೇಂದ್ರದಲ್ಲಿ ಮೂರು ಭಾನುವಾರ ಸೃಜನಶೀಲ ಮತ್ತು ಪರಿಸರ ಕಾರ್ಯಾಗಾರ ನಡೆಸುವ ಅವಕಾಶ ಸಿಕ್ಕಿತು. 6ರಿಂದ 8ನೇ ತರಗತಿಯ 23 ಮಕ್ಕಳು ಬಂದಿದ್ದರು.

ಇಂಥ ಕಾರ್ಯಾಗಾರ ಎಂದರೆ ಸಾಮಾನ್ಯವಾಗಿ ತೆಂಗಿನ ಚಿಪ್ಪಿಗೆ ಬಣ್ಣ ಬಳಿದು ಪೆನ್ನಿನ ಬುಟ್ಟಿ ಮಾಡಿಸುವುದು, ಕೊನೆಗೆ ಒಂದು ಗಿಡ ನೆಟ್ಟು ಫೋಟೋ ತೆಗೆಯುವುದು. ಚಿಪ್ಪಿಗೆ ಬಣ್ಣ ಬಳಿಯುವುದರಲ್ಲಿ ತಪ್ಪೇನಿಲ್ಲ, ಮಕ್ಕಳಿಗೆ ಖುಷಿಯೇ. ಆದರೆ ಅಲ್ಲಿ ಕಲೆ ಒಂದು ಕಡೆ, ಪರಿಸರ ಇನ್ನೊಂದು ಕಡೆ ಉಳಿಯುತ್ತದೆ. ವಿಜ್ಞಾನ ಹಬ್ಬದ ನಾಲ್ಕು ಮೂಲೆಗಳಾದ ಹಾಡು-ಆಡು, ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣಗಳಲ್ಲಿ ಕೊನೆಯದು ನನಗೆ ಹೆಚ್ಚು ಇಷ್ಟ. ಊರನ್ನು ಅಳೆದು ತಿಳಿದ ಮೇಲೆ ಆ ಅಳತೆಯಿಂದಲೇ ಕಲಾಕೃತಿ ಹುಟ್ಟಬೇಕು ಎಂಬುದು ನನ್ನ ಯೋಜನೆಯಾಗಿತ್ತು.

ಯೋಜನೆ ಬರೆಯುವಾಗಲೇ ಒಂದು ನಿರ್ಧಾರ ಮಾಡಿದ್ದೆ. 'ನಿಮ್ಮ ತೋಟದಲ್ಲಿ ನೋಡಿಕೊಂಡು ಬನ್ನಿ' ಎಂಬ ಮಾತನ್ನು ಎಲ್ಲಿಯೂ ಬಳಸಬಾರದು. ಈ ಸೀಮೆಯಲ್ಲಿ ಎಲ್ಲಿ ನೋಡಿದರೂ ತೆಂಗು, ಆದರೆ ಎಲ್ಲರಿಗೂ ತೋಟವಿಲ್ಲ. 23 ಮಕ್ಕಳಲ್ಲಿ ಒಂಬತ್ತು ಮಂದಿಯ ಮನೆಯವರು ಬೇರೆಯವರ ತೋಟದಲ್ಲಿ ಕಾಯಿ ಕೀಳುವವರು, ಸುಲಿಯುವವರು, ನಾರಿನ ಕಾರ್ಖಾನೆಗೆ ಕೂಲಿಗೆ ಹೋಗುವವರು. ಹಾಗಾಗಿ ಎಲ್ಲರಿಗೂ ಸೇರಿದ ಎರಡು ಮರಗಳನ್ನು ಆರಿಸಿಕೊಂಡೆ. ಒಂದು ಕೇಂದ್ರದ ಪಕ್ಕದಲ್ಲೇ ನಿಂತಿರುವ ಹಳೆಯ ಮರ. ಇನ್ನೊಂದು, ಸುಳಿ ಒಣಗಿತೆಂದು ಹಿಂದಿನ ವರ್ಷ ಕಡಿದು ಕೆರೆ ಏರಿಯ ಕೆಳಗೆ ಉರುಳಿಸಿದ್ದ ಮರ.

ಮೊದಲ ಭಾನುವಾರ: ನೆರಳು ಮತ್ತು ಸೀಮೆಸುಣ್ಣ

ಮರದ ವಯಸ್ಸು ತಿಳಿಯುವುದು ಹೇಗೆ ಎಂದು ಕೇಳಿದೆ. 'ಕೊಯ್ದು ಒಳಗಿನ ಉಂಗುರ ಎಣಿಸಬೇಕು ಮಿಸ್' ಎಂದು ಮೂರ್ನಾಲ್ಕು ಮಂದಿ ಒಟ್ಟಿಗೆ ಹೇಳಿದರು. ಪುಸ್ತಕದಲ್ಲಿ ಓದಿದ್ದು. ಎಲ್ಲರನ್ನೂ ಏರಿಯ ಕೆಳಗಿನ ಮರದ ಬಳಿಗೆ ಕರೆದುಕೊಂಡು ಹೋಗಿ ಕಡಿದ ತುದಿಯನ್ನು ತೋರಿಸಿದೆ. ಉಂಗುರಗಳೇ ಇಲ್ಲ, ಬರೀ ಕಂದು ಚುಕ್ಕೆಗಳು. ತೆಂಗು ಏಕದಳ ಸಸ್ಯ. ಅದರ ಕಾಂಡದಲ್ಲಿ ಕೇಂಬಿಯಂ ಪದರ ಇಲ್ಲದ ಕಾರಣ ವರ್ಷವರ್ಷ ದಪ್ಪವಾಗುವುದಿಲ್ಲ, ಉಂಗುರವೂ ಮೂಡುವುದಿಲ್ಲ. ಆ ಚುಕ್ಕೆಗಳು ನೀರು, ಆಹಾರ ಸಾಗಿಸುವ ವಾಹಕ ಅಂಗಾಂಶದ ಕಟ್ಟುಗಳು.

ಹಾಗಾದರೆ ಲೆಕ್ಕ ಎಲ್ಲಿದೆ? ಕಾಂಡದ ಹೊರಗೆ. ಒಂದೊಂದು ಗರಿ ಕಳಚಿ ಬಿದ್ದಾಗಲೂ ಕಾಂಡದ ಮೇಲೆ ಒಂದು ಗುರುತು ಉಳಿಯುತ್ತದೆ. ಮಕ್ಕಳು ಅದಕ್ಕೆ 'ಬಳೆ' ಎಂದು ಹೆಸರಿಟ್ಟರು. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿ ಬಿಡುತ್ತದೆ. ಎಂದರೆ ಹನ್ನೆರಡು ಬಳೆಗೆ ಒಂದು ವರ್ಷ.

ನಿಂತ ಮರದ ಬುಡದಲ್ಲಿ ಒಂದು ಮೀಟರ್ ಅಳೆದು ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಎಣಿಸಿದರು: 22 ಬಳೆ. ಎತ್ತರಕ್ಕೆ ನೆರಳಿನ ವಿಧಾನ ಬಳಸಿದೆವು. ಒಂದು ಮೀಟರ್ ಕೋಲಿನ ನೆರಳು 60 ಸೆಂಟಿಮೀಟರ್, ಸುಳಿಯ ಬುಡದವರೆಗೆ ಮರದ ನೆರಳು 8.4 ಮೀಟರ್. ಅಲ್ಲಿಗೆ ಮರದ ಎತ್ತರ 14 ಮೀಟರ್. 22ನ್ನು 14ರಿಂದ ಗುಣಿಸಿದರೆ 308, ಹನ್ನೆರಡರಿಂದ ಭಾಗಿಸಿದರೆ ಸುಮಾರು 26 ವರ್ಷ. ಉತ್ತರ ಹಿಡಿದುಕೊಂಡು ಹಿಂದಿನ ಮನೆಯ ಅಜ್ಜಿಯ ಹತ್ತಿರ ಓಡಿದರು. ಅಜ್ಜಿ ನಕ್ಕುಬಿಟ್ಟರು. ಅದು ಅವರ ಮದುವೆಯ ವರ್ಷ ಅವರ ಮಾವ ನೆಟ್ಟ ಸಸಿ, ಮದುವೆಯಾಗಿ 48 ವರ್ಷ.

ಈ ಅಂತರ ಬರುತ್ತದೆಂದು ನನಗೆ ಗೊತ್ತಿತ್ತು, ಕಾರಣ ಹೇಳದೆ ಮನೆಗೆ ಕಳಿಸಿದೆ. ಒಂದು ವಾರ ತಲೆಯಲ್ಲಿ ಉಳಿಯುವ ಪ್ರಶ್ನೆ ಕೊಡುವುದು ಅರಿವು ಕೇಂದ್ರದಲ್ಲಿ ಸಾಧ್ಯ. 40 ನಿಮಿಷದ ತರಗತಿಯಲ್ಲಿ ಪಾಠ ಮುಗಿಸುವ ಅವಸರವೇ ಹೆಚ್ಚು.

ಎರಡನೇ ಭಾನುವಾರ: ಉರುಳಿದ ಮರ

ಕಾರಣ ಹೇಳಿದ್ದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಿದ್ದ ಏಳನೇ ತರಗತಿಯ ಹುಡುಗ. ಅವನ ತಂದೆ ಮರ ಹತ್ತಿ ಕಾಯಿ ಕೀಳುವವರು. 'ಮೇಲ್‌ ಮೇಲಕ್ ಹೋದಂಗೆ ಗುರ್ತು ಹತ್ರತ್ರ ಸಿಕ್ತವೆ ಮಿಸ್, ನಮ್ಮಪ್ಪ ಹೇಳ್ತು.' ಉಳಿದವರು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ, ಅಳೆದು ನೋಡಲು ಉರುಳಿದ ಮರವಿತ್ತು. ಮೊದಲು ಕೋಲಿನಿಂದ ಬಡಿದು ಹಾವು ಚೇಳು ಇಲ್ಲವೆಂದು ಖಚಿತಪಡಿಸಿಕೊಂಡು, ಹನ್ನೊಂದು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಮೀಟರ್ ಹಂಚಿದೆ. ಬುಡದಿಂದ ತುದಿಗೆ ಸಿಕ್ಕ ಸಂಖ್ಯೆಗಳು ಇವು: 21, 24, 27, 31, 36, 40, 44, 48, 66, 56, 55. ಒಟ್ಟು 448 ಬಳೆ, ಸುಮಾರು 37 ವರ್ಷ. ಕಾಂಡ ಮೂಡುವ ಮೊದಲಿನ ನಾಲ್ಕೈದು ವರ್ಷಗಳನ್ನೂ ಸೇರಿಸಬೇಕು ಎಂದು ನಾನು ಹೇಳಿದೆ.

ಹುಡುಗನ ಮಾತು ನಿಜವಾಯಿತು. ಅಲ್ಲಿಂದ ಮುಂದೆ ಅವನು ಮುಂದಿನ ಸಾಲಿಗೆ ಬಂದ. ಯಾರೂ ಕರೆಯಲಿಲ್ಲ, ತಾನೇ ಬಂದ.

ಒಂಬತ್ತನೇ ಮೀಟರ್ ಎಲ್ಲರ ಕಣ್ಣಿಗೆ ಬಿತ್ತು. ಅದಕ್ಕಿಂತ ಮೇಲಿನದರಲ್ಲೂ ಇಲ್ಲದಷ್ಟು ಒತ್ತೊತ್ತಾದ 66 ಬಳೆ. ತುದಿಯಿಂದ ಹಿಂದಕ್ಕೆ ಎಣಿಸಿದರೆ ಆ ಭಾಗ ಬೆಳೆದದ್ದು ಮರ ಕಡಿಯುವುದಕ್ಕೆ ಸುಮಾರು ಒಂಬತ್ತರಿಂದ ಹದಿನೈದು ವರ್ಷ ಮೊದಲು. ಮನೆಯಲ್ಲಿ ಕೇಳಿ ಬಂದ ಮಕ್ಕಳು 'ಬೋರು ಬತ್ತಿದ ವರ್ಷಗಳು' ಎಂದರು. ನೀರಿನ ಕೊರತೆಯಲ್ಲಿ ಕಾಂಡದ ಬೆಳವಣಿಗೆ ಕುಗ್ಗಿ ಬಳೆಗಳು ಹತ್ತಿರವಾಗುವುದು ನಿಜ. ಆದರೆ ರೋಗ, ಕೀಟ, ಗೊಬ್ಬರದ ಕೊರತೆಯಿಂದಲೂ ಹಾಗಾಗಬಹುದು, ಒಂದೇ ಮರ ನೋಡಿ ತೀರ್ಪು ಕೊಡಬಾರದು ಎಂದು ಫಲಕದ ಮೇಲೆ ಬರೆಸಿದೆ. ಬರದಲ್ಲಿ ಗರಿಗಳೇ ಕಡಿಮೆ ಬರುವುದರಿಂದ ನಮ್ಮ ವರ್ಷದ ಲೆಕ್ಕವೂ ಅಲ್ಲಿ ಸ್ವಲ್ಪ ಜಾರುತ್ತದೆ.

ಆಗ ಎಂಟನೇ ತರಗತಿಯ ಹುಡುಗಿ ಕೇಳಿದ ಪ್ರಶ್ನೆ ಇಡೀ ಕಾರ್ಯಾಗಾರದ ಅತ್ಯುತ್ತಮ ಪ್ರಶ್ನೆ. 'ಬರ ಬಂದಿದ್ದು ಆಚೆ ವರ್ಷ. ಹೋದ ವರ್ಷ ಮಳೆ ಆಯ್ತು. ಆದ್ರೂ ಈಗ ಕಾಯಿ ಯಾಕ್ ಮಿಸ್ ಕಮ್ಮಿ?' ಮನೆಯಲ್ಲಿ ದಿನವೂ ನಡೆಯುವ ಮಾತು ಅದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ತೆಂಗಿನಲ್ಲಿ ಹೊಂಬಾಳೆಯ ಮೊಗ್ಗು ಸುಳಿಯೊಳಗೆ ಮೂಡಿದಂದಿನಿಂದ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಬೇಕು. ಅದರಲ್ಲಿ ಹೊಂಬಾಳೆ ಒಡೆದ ಮೇಲಿನ ಹನ್ನೆರಡು ತಿಂಗಳಷ್ಟೇ ನಮ್ಮ ಕಣ್ಣಿಗೆ ಕಾಣುವುದು. ಉಳಿದ ಕಾಲ ಮರದ ಒಳಗೇ ಕಳೆಯುತ್ತದೆ, ಬರದ ಪೆಟ್ಟು ಅಲ್ಲಿಯೂ ಬೀಳುತ್ತದೆ. ಹಾಗಾಗಿ ಒಂದು ವರ್ಷದ ಬರ ಮುಂದಿನ ಎರಡು ಮೂರು ವರ್ಷದ ಫಸಲಿನಲ್ಲಿ ಕಾಣುತ್ತದೆ. ಆ ಹುಡುಗಿ ಇದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು, 'ನಮ್ಮಪ್ಪಂಗೆ ಓದಿ ಹೇಳ್ತೀನಿ, ಮರ ಕಡಿಸ್ತೀನಿ ಅಂತಾವ್ರೆ' ಎಂದಳು. ಸುಳಿ ಹಸಿರಾಗಿದ್ದರೆ ಕಡಿಯುವ ಮೊದಲು ತೋಟಗಾರಿಕೆ ಇಲಾಖೆಯವರನ್ನು ಒಮ್ಮೆ ಕೇಳಲು ಹೇಳು ಎಂದೆ.

ಮೂರನೇ ಭಾನುವಾರ: ಮರದ ಪಟ್ಟಿ

ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಉರುಳಿದ ಮರದ ಅರ್ಧದಷ್ಟು ಉದ್ದದ, ಐದೂವರೆ ಮೀಟರ್ ಪಟ್ಟಿ ಮಾಡಿದೆವು. 448 ಬಳೆಗೂ ಗರಿಯ ಕಡ್ಡಿಯ ಚೂರುಗಳನ್ನು ಸರಿಯಾದ ಅಂತರದಲ್ಲಿ ಅಂಟಿಸಿದರು. ಬೆಲ್ಲದ ನೀರು, ಕೆಮ್ಮಣ್ಣು, ಅಡಿಕೆ ಚೊಗರಿನಲ್ಲಿ ಬಣ್ಣ ಮಾಡಿಕೊಂಡರು. ಪ್ರತಿ ಮಗು ತನ್ನ ಮನೆಯ ಒಂದು ಘಟನೆಯನ್ನು ಅದರ ವರ್ಷದ ಬಳೆಯ ಎದುರು ಬರೆಯಬೇಕು: ಅಕ್ಕ ಹುಟ್ಟಿದ್ದು, ಬೋರು ಕೊರೆಸಿದ್ದು, ಅಪ್ಪ ಮರದಿಂದ ಬಿದ್ದು ಕಾಲು ಮುರಿದದ್ದು. ತೋಟ ಇರುವವರ ಮನೆಯ ಮಾತೂ ಇಲ್ಲದವರ ಮನೆಯ ಮಾತೂ ಒಂದೇ ಕಾಂಡದ ಅಕ್ಕಪಕ್ಕ ಬಂದವು. ಮೌಲ್ಯಮಾಪನಕ್ಕೆ ನಾನು ಬೇರೆ ಪರೀಕ್ಷೆ ಕೊಡಲಿಲ್ಲ. ಬಳೆ ಎಣಿಸಿ ವರ್ಷ ಹುಡುಕಲು ಬಾರದಿದ್ದರೆ ಘಟನೆಯನ್ನು ಎಲ್ಲಿ ಬರೆಯಬೇಕೆಂದೇ ತಿಳಿಯುವುದಿಲ್ಲ. 23ರಲ್ಲಿ 19 ಮಂದಿ ನೆರವಿಲ್ಲದೆ ಹುಡುಕಿದರು.

ಅಂದು ಆ ಹುಡುಗನ ತಂದೆ ಕೆಲಸ ಮುಗಿಸಿ ಅದೇ ದಾರಿಯಲ್ಲಿ ಬಂದರು. ಮಕ್ಕಳು ಒಂದು ಮೀಟರ್ ನಾರಿನ ಹಗ್ಗ ಕೊಟ್ಟರು. ಅವರು ಕೇಂದ್ರದ ಪಕ್ಕದ ಮರ ಹತ್ತಿ, ಸುಳಿಯ ಕೆಳಗೆ ಹಗ್ಗ ಇಳಿಬಿಟ್ಟು ಎಣಿಸಿ, ಮೇಲಿನಿಂದಲೇ ಕೂಗಿದರು: '57!' ಬುಡದ 22, ತುದಿಯ 57, ಸರಾಸರಿ 39.5. ಹದಿನಾಲ್ಕರಿಂದ ಗುಣಿಸಿದರೆ 553, ಎಂದರೆ 46 ವರ್ಷ. ಮೊದಲಿನ ನಾಲ್ಕೈದು ವರ್ಷ ಸೇರಿಸಿದರೆ ಐವತ್ತರ ಆಸುಪಾಸು. ಅಜ್ಜಿಯ 48ಕ್ಕೆ ಈ ಎರಡು ಮೂರು ವರ್ಷ ಹೆಚ್ಚು ಹೇಗೆ ಬಂತೆಂದು ಮಕ್ಕಳು ಇನ್ನೂ ವಾದ ಮಾಡುತ್ತಿದ್ದಾರೆ. ಮಾವ ನೆಟ್ಟದ್ದು ದೊಡ್ಡ ಸಸಿಯೇ ಇರಬೇಕು ಎಂಬುದು ಒಂದು ಗುಂಪಿನ ಪಕ್ಷ. ಹಗ್ಗ ಮತ್ತು ಪಟ್ಟಿ ಗ್ರಂಥಾಲಯ ಮೇಲ್ವಿಚಾರಕರ ಬಳಿ ಇವೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅಲ್ಲಿಗೆ ಹೋದರೆ ಕೇಳಿ ಪಡೆಯಬಹುದು.